ಅಕ್ಕನ ಕೋಣೆಗೆ ಹಾಲುಸುಣ್ಣ

ಹೊದಿಕೆಯ ಒಂದು ತುದಿ ಸೂಜಿಯಮ್ಮನ ಕೈಯಲ್ಲಿತ್ತು, ಇನ್ನೊಂದು ತುದಿ ಸೊಸೆಯ ಕೈಯಲ್ಲಿ. ಹಿತ್ತಿಲಲ್ಲಿ ಎದುರುಬದುರು ನಿಂತು ಇಬ್ಬರೂ ಬಲವಾಗಿ ತಿರುಚಿ ಹಿಂಡುತ್ತಿದ್ದರು. ದಪ್ಪ ಉಣ್ಣೆಯದು, ನೀರು ಕುಡಿದು ಕರುವಿನಷ್ಟು ಭಾರವಾಗಿತ್ತು.

"ಯಾರೂ ಹೊದೆಯದ ಹೊದಿಕೆಗೆ ಇವತ್ತೇ ಯಾಕೆ ಸ್ನಾನ, ಅತ್ತೆ?" ಎಂದಳು ಸೊಸೆ. ಔಷಧಿ ಅಂಗಡಿಯ ಕೆಲಸಕ್ಕೆ ವಾರಕ್ಕೊಂದೇ ರಜೆ. ಅದು ಹೀಗೆ ಹಿಂಡಿಹೋಗುವುದು ಅವಳಿಗೆ ಬೇಕಿರಲಿಲ್ಲ.

"ಹೊದೆಯೋರು ಬರ್ತಾರೆ."

"ಯಾರು?"

"ಇನ್ಯಾರು, ನನ್ನಕ್ಕ."

ಸೊಸೆಯ ಕೈ ಸಡಿಲವಾಯಿತು. ತಿರುಚಿದ್ದೆಲ್ಲ ಬಿಚ್ಚಿಕೊಂಡು ತಣ್ಣನೆಯ ನೀರು ಸೂಜಿಯಮ್ಮನ ಪಾದದ ಮೇಲೆ ಸುರಿಯಿತು.

"ಮಾವನಿಗೆ ಹೇಳಿದೀರಾ?"

"ಮೊದಲು ಹೊದಿಕೆ ಹಿಡ್ಕೋ. ಮಾವನಿಗೆ ಆಮೇಲೆ ಹೇಳಿದರಾಯ್ತು."

ಅವಳಿಗೆ ಸೂಜಿಯಮ್ಮ ಎಂದು ಹೆಸರಿಟ್ಟವರು ಬೀದಿಯವರು. ದರ್ಜಿ ಅಂಗಡಿಗೆ ಗುಂಡಿ ಹಚ್ಚಿ, ಅಂಚು ಮಡಿಸಿ ಕೊಡುವುದು ಅವಳ ಕಸುಬು. ಹೆಸರಿಗೆ ಅದೇ ಕಾರಣ ಎಂದು ಅವಳು ಹೇಳುತ್ತಾಳೆ, ನಾಲಿಗೆ ಕಾರಣ ಎಂದು ಗಂಡ ಹೇಳುತ್ತಾನೆ. ಗಂಡ ಬಣ್ಣದ ಮೇಸ್ತ್ರಿ. ಮಗ, ಸೊಸೆ, ಮೊಮ್ಮಗಳನ್ನು ಬಿಟ್ಟರೆ ಎಲ್ಲರಿಗೂ ಅವನು ಬರೀ ಮೇಸ್ತ್ರಿ.

ಆ ಮನೆಯ ಗೋಡೆಗಳೇ ಅವನ ಕಸುಬನ್ನು ಸಾರುತ್ತಿದ್ದವು, ಆದರೆ ಹೊಗಳಿಕೆಯಾಗುವಂತೆ ಅಲ್ಲ. ಪರರ ಕೆಲಸದಲ್ಲಿ ಉಳಿದ ಡಬ್ಬದ ತಳವೆಲ್ಲ ಇಲ್ಲಿಗೆ ಬಂದಿತ್ತು. ಅಡುಗೆಮನೆಯ ಒಂದು ಗೋಡೆ ಆಸ್ಪತ್ರೆಯ ಹಸಿರು, ಎದುರಿನದು ಬ್ಯಾಂಕಿನ ನೀಲಿ. ಹಜಾರದಲ್ಲಿ ಹೋಟೆಲಿನ ಕೆಂಪು ಸೊಂಟದವರೆಗೆ ಬಂದು ಮುಗಿದುಹೋಗಿ, ಅಲ್ಲಿಂದ ಮೇಲೆ ಯಾರದೋ ಮಲಗುವ ಕೋಣೆಯ ನಸುಗುಲಾಬಿ ಶುರುವಾಗುತ್ತಿತ್ತು. ಎಲ್ಲವೂ ಎಣ್ಣೆಬಣ್ಣ, ಎಲ್ಲವೂ ಮುಖ ಕಾಣುವಷ್ಟು ಹೊಳಪು. ಹೈಸ್ಕೂಲಿಗೆ ಹೋಗುವ ಮೊಮ್ಮಗಳು ಗೆಳತಿಯರನ್ನು ಬಾಗಿಲಲ್ಲೇ ಮಾತಾಡಿಸಿ ಸಾಗಹಾಕುತ್ತಿದ್ದಳು.

ಎರಡು ವರ್ಷದ ಹಿಂದೆ ಅಕ್ಕ ಈ ಮನೆಗೆ ಬಂದಿದ್ದಳು, ಇನ್ನು ಇಲ್ಲೇ ಇರುವುದೆಂದು. ಅವಳಿಗೆ ಉಬ್ಬಸ. ಅವಳಿಗೆಂದೇ ಹಿಂದಿನ ಕೋಣೆಗೆ ಮೇಸ್ತ್ರಿ ಶಾಲೆಯೊಂದರಲ್ಲಿ ಉಳಿದ ಕಡುನೀಲಿ ಹೊಡೆದಿದ್ದ. ಅಕ್ಕನನ್ನು ಕರೆತರಲು ಹೋಗಿದ್ದ ಸೂಜಿಯಮ್ಮ ದಾರಿಯಿಂದ ಫೋನು ಮಾಡಿ, "ವಾಸನೆ ಹೋಗಿದೆಯಾ?" ಎಂದು ಕೇಳಿದ್ದಳು. "ಗೋಡೆಗೆ ಮೂಗಿಟ್ಟು ನೋಡಿದೀನಿ, ಒಂದು ಚೂರೂ ಇಲ್ಲ" ಎಂದಿದ್ದ ಅವನು. ಮನೆ ತಲುಪಿದಾಗ ದಣಿದ ಅಕ್ಕ ನೇರ ಹೋಗಿ ಮಲಗಿದಳು. ಚಳಿಗೆ ಕಿಟಕಿ ಬಾಗಿಲು ಎರಡೂ ಮುಚ್ಚಿಕೊಂಡಳು. ಸೂಜಿಯಮ್ಮ ಗಂಜಿ ಬಿಸಿಮಾಡಿ ತಂದು ಬಾಗಿಲು ತೆಗೆದಾಗ ಬಣ್ಣದ ಗಬ್ಬು ಮುಖಕ್ಕೆ ಹೊಡೆಯಿತು. ಅಕ್ಕನ ತುಟಿ ಗೋಡೆಯ ಬಣ್ಣಕ್ಕೆ ತಿರುಗಿತ್ತು.

ಆಸ್ಪತ್ರೆಯಿಂದ ಅಕ್ಕ ತನ್ನ ಬಾಡಿಗೆ ಕೋಣೆಗೇ ವಾಪಸು ಹೋದಳು. ಹೊದಿಕೆ ಇಲ್ಲಿ ಉಳಿಯಿತು. ಗಂಡ ಬಾಯಿಬಿಟ್ಟು ಸುಳ್ಳು ಹೇಳಿದ ಎಂಬುದೂ ಸೂಜಿಯಮ್ಮನ ಎದೆಯಲ್ಲಿ ಉಳಿಯಿತು. ಅವಳು ಬೈದು ಕೂಗಾಡಲಿಲ್ಲ. ಹೊತ್ತಿಗೆ ಸರಿಯಾಗಿ ಬಡಿಸಿದಳು, ಅಂಗಿಗೆ ಗುಂಡಿ ಹಚ್ಚಿದಳು, ಮಾತನ್ನು ಮಾತ್ರ ಅಳೆದು ಕೊಟ್ಟಳು.

ಈಗ ಅಕ್ಕನಿಂದ ಕಾಗದ ಬಂದಿತ್ತು. ಅವಳಿಗೆ ಫೋನಿನಲ್ಲಿ ಕಿವಿ ಕೇಳುವುದಿಲ್ಲ, ಏನಿದ್ದರೂ ಕಾಗದವೇ. ತಾನಿರುವ ಮನೆ ಕೆಡವುತ್ತಾರಂತೆ, ಬೇಸಿಗೆಯ ಹೊತ್ತಿಗೆ ಬಿಡಬೇಕಂತೆ, ವೃದ್ಧಾಶ್ರಮದಲ್ಲಿ ಒಂದು ಮಂಚ ಖಾಲಿಯಿದೆಯಂತೆ. ನಿನ್ನಲ್ಲಿಗೆ ಕರೆಸಿಕೋ ಎಂದು ಅವಳು ಕೇಳಿರಲಿಲ್ಲ. ಕೊನೆಗೆ ಒಂದು ಸಾಲು ಮಾತ್ರ ಇತ್ತು: ಮೇಸ್ತ್ರಿಯವರ ಮಾತಿನ ಮೇಲೆ ಇನ್ನೊಂದು ಸಲ ಎಲ್ಲಿಗೂ ಹೋಗುವ ಶಕ್ತಿ ನನಗಿಲ್ಲ.

ಅಪ್ಪ ಅಮ್ಮ ಹೋದಮೇಲೆ ಹಾಲಿನ ಡೈರಿಯಲ್ಲಿ ಕ್ಯಾನು ತೊಳೆದು ತಂಗಿಯನ್ನು ಸಾಕಿದವಳು ಆ ಅಕ್ಕ. ಅವಳಿಗೆ 'ಬಾ' ಎಂದು ಬರೆಯಲು ಸೂಜಿಯಮ್ಮ ಎರಡು ವರ್ಷದಲ್ಲಿ ಎಷ್ಟೋ ಸಲ ಕೂತಿದ್ದಳು. ಯಾವ ಕೋಣೆಗೆ ಬಾ ಎನ್ನುವುದು ಎಂಬಲ್ಲಿಗೆ ಬಂದು ಕೈ ನಿಲ್ಲುತ್ತಿತ್ತು. ಅರ್ಧ ಬರೆದ ಹಾಳೆಗಳು ಗುಂಡಿಯ ಡಬ್ಬದಲ್ಲಿ ಮಡಚಿಕೊಂಡು ಬಿದ್ದಿದ್ದವು.

ಅಂದು ಸಂಜೆ ಬೇಳೆ ತಳ ಹಿಡಿಯಿತು.

"ಅಜ್ಜಿ, ಇದು ಬೇಳೆಯಾ ಇದ್ದಿಲಾ?" ಎಂದಳು ಮೊಮ್ಮಗಳು.

"ತಿನ್ನು. ಹಲ್ಲು ಬೆಳ್ಳಗಾಗತ್ತೆ."

ಮಗ ಬಸ್ಸಿನ ಡ್ರೈವರು. ದಾರಿಯಲ್ಲಿ ಎಂಥದನ್ನೋ ತಿಂದು ಬಂದವನು, ತಟ್ಟೆ ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಮೇಸ್ತ್ರಿ ಮಾತ್ರ ಎರಡನೆಯ ಸಲ ಬಡಿಸಿಕೊಂಡ.

"ಚೆನ್ನಾಗೇ ಇದೆಯಲ್ಲ."

"ನಿಮಗೆ ಎಲ್ಲ ಚೆನ್ನಾಗೇ ಇರತ್ತೆ," ಎಂದಳು ಸೂಜಿಯಮ್ಮ. ಆಮೇಲೆ ಸೌಟು ಕೆಳಗಿಟ್ಟು, "ಹಿಂದಿನ ಕೋಣೆ ಖಾಲಿ ಮಾಡಬೇಕು. ಅಕ್ಕ ಬರ್ತಾಳೆ," ಎಂದಳು.

ಮೊಮ್ಮಗಳ ತುತ್ತು ಅಲ್ಲೇ ನಿಂತಿತು. "ಅದು ನನ್ನ ರೂಮು. ಪರೀಕ್ಷೆ ಆದಮೇಲೆ ಕೊಡ್ತೀನಿ ಅಂತ ಅಪ್ಪ ಹೇಳಿದಾರೆ. ಎಲ್ಲರಿಗೂ ಬಾಗಿಲಿದೆ, ನನಗೊಬ್ಬಳಿಗೆ ಪರದೆ."

"ನೋಡೋಣ ಅಂದಿದ್ದೆ, ಕೊಡ್ತೀನಿ ಅಂದಿರಲಿಲ್ಲ," ಎಂದ ಮಗ.

"ಡ್ರೈವರುಗಳು ಮುಂದೆ ನೋಡಿ ಮಾತಾಡಬೇಕು," ಎಂದಳು ಅವನ ಹೆಂಡತಿ.

ಮೇಸ್ತ್ರಿ ಕೈ ತೊಳೆಯಲು ಎದ್ದ. "ಬರಲಿ, ಬೇಡ ಅಂದೋರ್ಯಾರು. ನಾಳೆನೇ ಒಂದು ಕೈ ಹೊಡೆದುಬಿಡ್ತೀನಿ. ಒಳ್ಳೇ ಕೆನೆಬಣ್ಣ ಅರ್ಧ ಡಬ್ಬ ಇದೆ, ಆ ವಕೀಲರ ಮನೇದು."

"ನಿಮ್ಮ ಡಬ್ಬ ಆ ಕೋಣೆಗೆ ಹೋಗಲ್ಲ," ಎಂದಳು ಸೂಜಿಯಮ್ಮ. "ಇರೋದನ್ನೂ ಕೆರೆದು ತೆಗೀತೀನಿ. ಒಬ್ಬಳೇ ಆದರೆ ಒಬ್ಬಳೇ."

ಆ ವಾರ ಮಗ ಒಂದು ಹೊಸ ಡಬ್ಬ ತಂದ. ಮೇಲೆ ಹಸಿರು ಎಲೆಯ ಚಿತ್ರ. ಕೆಳಗೆ 'ಪರಿಸರಸ್ನೇಹಿ' ಎಂದಿತ್ತು. ಮುಚ್ಚಳ ತೆಗೆದದ್ದೇ ಮನೆ ತುಂಬ ಹೂವಿನ ಘಮ.

"ಸೋಪಿನ ಅಂಗಡಿಗೆ ಬಂದ ಹಾಗಿದೆ," ಎಂದಳು ಮೊಮ್ಮಗಳು.

ಸೊಸೆ ಡಬ್ಬವನ್ನು ತಿರುಗಿಸಿ ಸಣ್ಣಕ್ಷರ ಓದಿದಳು. ಮಾತ್ರೆಯ ಹಾಳೆ ಓದಿ ಅವಳಿಗೆ ಅಭ್ಯಾಸ. "ಸುಗಂಧ ಸೇರಿಸಿದೆ ಅಂತ ಬರೆದಿದಾರೆ. ಎಲೆ ಹಾಕಿದ ಮಾತ್ರಕ್ಕೆ ಉಬ್ಬಸದೋರಿಗೆ ಆಗತ್ತೆ ಅಂತಲ್ಲ. ಏನೂ ಸೇರಿಸದ್ದು ಬೇರೆ ಬರತ್ತೆ. ಅದರ ಬೆಲೆಗೆ ನಾಲ್ಕು ಗೋಡೆ ಹೊಸದಾಗಿ ಕಟ್ಟಬಹುದು."

"ಪೌಡರ್ ಹಚ್ಚಿದೋರು ಪಕ್ಕ ಕೂತರೆ ಅಕ್ಕನಿಗೆ ಉಸಿರು ಕಟ್ಟತ್ತೆ," ಎಂದಳು ಸೂಜಿಯಮ್ಮ. "ವಾಪಸು ಕೊಡು. ಹಾಲು, ಸುಣ್ಣ, ಬಣ್ಣಕ್ಕೆ ಮಣ್ಣು, ಇಷ್ಟೇ ಸಾಕು. ಡೈರಿ ಕೋಣೇಲಿ ನಾನೂ ಅಕ್ಕನೂ ಅದನ್ನೇ ಹೊಡೀತಿದ್ವಿ. ಸಂಜೆ ಹೊಡೆದರೆ ಅಲ್ಲೇ ಮಲಗ್ತಿದ್ವಿ."

ಮೇಸ್ತ್ರಿ ನಕ್ಕ. "ಹಾಲು ಲೋಟದಲ್ಲಿರೋದು, ಗೋಡೆ ಮೇಲಲ್ಲ. ಈ ಊರಿನ ಅರ್ಧ ಬಾಗಿಲಿಗೆ ನನ್ನ ಕೈ ಬಿದ್ದಿದೆ. ನನ್ನ ಮನೆಗೆ ನಾನೇ ಮಜ್ಜಿಗೆ ಬಳಿದರೆ ಜನ ನಗಲ್ವಾ?"

"ಈಗೇನು ಅಳ್ತಾ ಇದಾರಾ? ಅಡುಗೆಮನೆ ನೋಡ್ಕೊಂಡು ಬನ್ನಿ."

ಸುಣ್ಣ ಎಣ್ಣೆಬಣ್ಣದ ಮೇಲೆ ನಿಲ್ಲುವುದಿಲ್ಲ. ಆದ್ದರಿಂದ ಮೊದಲು ಕೆರೆಯುವ ಕೆಲಸ. ಮರುದಿನ ಬೆಳಗ್ಗೆ ದರ್ಜಿ ಅಂಗಡಿಗೆ ಹೋಗುವ ಮೊದಲು ಸೂಜಿಯಮ್ಮ ತಲೆಗೂ ಮೂಗಿಗೂ ಬಟ್ಟೆ ಕಟ್ಟಿಕೊಂಡು, ಗಂಡನ ಚೀಲದಿಂದ ಕೆರೆಯುವ ಉಳಿ ತೆಗೆದುಕೊಂಡು ಗೋಡೆಯ ಮುಂದೆ ನಿಂತಳು. ಸ್ವಲ್ಪ ಹೊತ್ತಿನಲ್ಲೇ ಬಾಗಿಲಲ್ಲಿ ನೆರಳು ಬಿತ್ತು. ಅವಳು ತಿರುಗಲಿಲ್ಲ.

"ಹಾಗಲ್ಲ," ಎಂದ ಮೇಸ್ತ್ರಿ.

ಅವಳು ಕೆರೆಯುತ್ತಲೇ ಇದ್ದಳು.

"ಹಾಗಲ್ಲ ಅಂದೆ. ನೀನು ಗೋಡೆ ಕೆತ್ತುತಾ ಇದೀಯ. ಮೊದಲು ಒದ್ದೆ ಮಾಡಬೇಕು, ಇಲ್ಲದಿದ್ದರೆ ಧೂಳೆಲ್ಲ ಎದೆಗೆ ಹೋಗತ್ತೆ. ಕೊಡಿಲ್ಲಿ."

"ಮಜ್ಜಿಗೆ ಕೆಲಸಕ್ಕೆ ಮೇಸ್ತ್ರಿ ಯಾಕೆ?"

"ಮಜ್ಜಿಗೆಗಲ್ಲ. ನನ್ನ ಉಳಿ ಹಾಳಾಗ್ತಿದೆ, ಅದಕ್ಕೆ."

ಅಂದಿನಿಂದ ಬೆಳಗ್ಗೆ ಅವನು, ಸಂಜೆ ಅವಳು. ಸೊಸೆ ಒದ್ದೆ ಚೂರುಗಳನ್ನು ಗೋಣಿಗೆ ತುಂಬಿ ಬಾಯಿ ಕಟ್ಟುತ್ತಿದ್ದಳು. ಮಗ ರಜೆ ಸಿಕ್ಕಾಗ ಸೂರು ಕೆರೆದು, ಕುತ್ತಿಗೆ ಹಿಡಿದುಕೊಂಡಿತೆಂದು ನರಳಿ ಎರಡು ಮೊಟ್ಟೆ ಹೆಚ್ಚಿಗೆ ತಿಂದ. ಮೊಮ್ಮಗಳು ಮುಖ ಊದಿಸಿಕೊಂಡು ಪರದೆಯ ಹಿಂದೆಯೇ ಇದ್ದಳು. ಒಂದು ಸಂಜೆ ಅಜ್ಜಿ ತಾತ ಇಬ್ಬರೂ ಕೆರೆಯುತ್ತಿದ್ದಾಗ ಬಂದು ನಿಂತಳು. ನೀಲಿಯ ಕೆಳಗೆ ಹಸಿರು, ಅದರ ಕೆಳಗೆ ತಿಳಿಗೆಂಪು ಕಾಣುತ್ತಿತ್ತು.

"ಇದು ಯಾವಾಗಿಂದು, ತಾತ?"

"ನಿಮ್ಮಪ್ಪ ಹುಟ್ಟಿದ ವರ್ಷದ್ದು. ಯಾವುದೋ ಬೇಕರಿಯ ಉಳಿಕೆ."

"ನಮ್ಮನೆಗೆ ಅಂತಲೇ ತಂದ ಬಣ್ಣ ಯಾವುದೂ ಇಲ್ವಾ?"

ಮೇಸ್ತ್ರಿ ಉಳಿಯನ್ನು ಅಂಗಿಗೆ ಒರೆಸಿಕೊಂಡ. ಮೊಮ್ಮಗಳು ಒದ್ದೆ ಬಟ್ಟೆ ಎತ್ತಿಕೊಂಡು ಗೋಡೆಯ ಒಂದು ಮೂಲೆ ಒರೆಸಲು ಶುರುಮಾಡಿದಳು. "ನನ್ನ ರೂಮನ್ನ ನಾನೇ ತೊಳೆದು ಇನ್ನೊಬ್ಬರಿಗೆ ಕೊಡ್ತಾ ಇದೀನಿ. ಎಲ್ಲರೂ ನೆನಪಿಟ್ಕೊಳ್ಳಿ," ಎಂದಳು.

"ಇನ್ನು ನೂರು ಸಲ ನೀನೇ ನೆನಪಿಸ್ತೀಯ ಬಿಡು," ಎಂದಳು ಅಜ್ಜಿ.

ಗೋಡೆ ಬತ್ತಲಾಗಿ ಒಣಗಿದ ಮೇಲೆ ಹಾಲಿನ ಸರದಿ. ಕೆನೆ ತೆಗೆದ ಹಾಲನ್ನು ಬೆಚ್ಚಗೆ ಮಾಡಿ, ವಿನಿಗರ್ ಹಾಕಿ ಒಡೆಸಿ, ಬಟ್ಟೆಯಲ್ಲಿ ಸೋಸಿ, ಗಟ್ಟಿಯನ್ನು ತಣ್ಣೀರಿನಲ್ಲಿ ತೊಳೆದಳು ಸೂಜಿಯಮ್ಮ. ಅದಕ್ಕೆ ನೆನೆದ ಸುಣ್ಣದ ಮುದ್ದೆ ಸೇರಿಸಿ ತಿರುವುತ್ತ ಹೋದಂತೆ ಹಾಲಿನ ಗಟ್ಟಿ ಕರಗಿ ನಯವಾದ ಅಂಟಾಯಿತು. ಸುಣ್ಣ ಹಾರೀತೆಂದು ಸೊಸೆ ಎಲ್ಲರಿಗೂ ಕೈಗವುಸು, ಕನ್ನಡಕ ಹಾಕಿಸಿದ್ದಳು. ಮೇಸ್ತ್ರಿ ಕೋಲಿನ ತುದಿಯಲ್ಲಿ ಅಂಟನ್ನು ಎತ್ತಿ, ಅದು ಇಳಿಯುವ ಬಗೆಯನ್ನು ನೋಡಿದ.

"ಹರಿವು ಪರವಾಗಿಲ್ಲ," ಎಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು.

"ಆಯಾ ದಿನದ್ದು ಆಯಾ ದಿನವೇ ಮುಗಿಸಬೇಕು," ಎಂದಳು ಅವಳು. ಅವನು ಆಗಲೇ ಕುಂಚ ಅದ್ದಿ ಗೋಡೆಯತ್ತ ತಿರುಗಿದ್ದ.

ಮೊದಲ ಕೈ ಒಂದೇ ದಿನಕ್ಕೆ ಮುಗಿಯಿತು. ಮರುದಿನದಿಂದ ದರ್ಜಿ ಅಂಗಡಿಯಲ್ಲಿ ಆಸ್ಪತ್ರೆಯ ಸಮವಸ್ತ್ರದ ಅವಸರ. ಸೂಜಿಯಮ್ಮ ಬೆಳಗಿಂದ ಸಂಜೆವರೆಗೆ ಗುಂಡಿ ಹಚ್ಚಿದಳು. ಬಕೆಟಿನಲ್ಲಿ ಉಳಿದಿದ್ದ ಹಾಲುಸುಣ್ಣವನ್ನು ಮೇಸ್ತ್ರಿ ಎಣ್ಣೆಬಣ್ಣದ ಖಾಲಿ ಡಬ್ಬಕ್ಕೆ ಸುರಿದು, ಮುಚ್ಚಳವನ್ನು ಸುತ್ತಿಗೆಯಿಂದ ಬಡಿದು ಬಿಗಿಮಾಡಿ, ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ ಇಟ್ಟಿದ್ದ. ಜೀವಮಾನವೆಲ್ಲ ಉಳಿದ ಬಣ್ಣಕ್ಕೆ ಅವನು ಮಾಡಿದ್ದು ಅದನ್ನೇ. ಬಡಿದ ಮುಚ್ಚಳ ತಿಂಗಳಾದಮೇಲೆ ತೆಗೆದರೂ ಬಣ್ಣ ಬಣ್ಣವೇ.

ಸಮವಸ್ತ್ರ ಮುಗಿಸಿ ಸೂಜಿಯಮ್ಮ ಬೇಗ ಮನೆಗೆ ಬಂದ ಮಧ್ಯಾಹ್ನ, ಸೊಸೆ ಮೂಗಿಗೆ ಸೆರಗು ಒತ್ತಿಕೊಂಡು ಬೀದಿಯಲ್ಲಿ ನಿಂತಿದ್ದಳು. ಮೊಮ್ಮಗಳು ಚರಂಡಿಯ ಬಳಿ ಬಗ್ಗಿ ಓಕರಿಸುತ್ತಿದ್ದಳು. ಒಳಗೆ ಮಗ ಬೀರುವನ್ನು ಗೋಡೆಯಿಂದ ಎಳೆದು ಅದರ ಹಿಂದೆ ಇಣುಕುತ್ತಿದ್ದ.

"ಇಲಿ ಸತ್ತಿದೆ ಅಮ್ಮ. ಒಂದಲ್ಲ, ಒಂದು ಸಂಸಾರವೇ ಸತ್ತಿರಬೇಕು. ಎಲ್ಲೂ ಸಿಗ್ತಿಲ್ಲ."

ಸೂಜಿಯಮ್ಮ ಉಸಿರು ಬಿಗಿಹಿಡಿದು ಹಿಂದಿನ ಕೋಣೆಗೆ ಹೋದಳು. ಮೇಸ್ತ್ರಿ ಏಣಿಯ ಮೇಲಿದ್ದ. ಡಬ್ಬ ಏಣಿಗೆ ತೂಗುಹಾಕಿತ್ತು, ಅರ್ಧ ಗೋಡೆ ಒದ್ದೆಯಾಗಿತ್ತು. ಹಾಲು, ಮಾಂಸ, ಮೊಟ್ಟೆ ಎಲ್ಲ ಒಟ್ಟಿಗೆ ಕೊಳೆತಂಥ ನಾತ ಆ ಡಬ್ಬದಿಂದ ಏಳುತ್ತಿತ್ತು. ಅವನು ಸಣ್ಣಗೆ ಏನನ್ನೋ ಗುನುಗುತ್ತಿದ್ದ.

"ಬಂದ್ಯಾ, ನೋಡು," ಎಂದ ಹೆಮ್ಮೆಯಿಂದ. "ಎರಡನೇ ಕೈ. ನಿನ್ನ ಹಾಲು ಎಷ್ಟು ನಯವಾಗಿ ಕೂರ್ತಾ ಇದೆ. ವಾಸನೆಯಂತೂ ಸೊನ್ನೆ. ನೀನು ಹೇಳಿದ್ದು ನಿಜ, ಒಪ್ಪಿಕೊಂಡೆ."

ಸೂಜಿಯಮ್ಮನಿಗೆ ಬೈಗುಳ ಬಾಯಿಗೆ ಬಂದಿತ್ತು. ಅವನ ಮುಖ ನೋಡಿ ಅದು ಅಲ್ಲೇ ನಿಂತಿತು. ಗಲ್ಲದ ಮೇಲೆ ಕೊಳೆತ ಹಾಲಿನ ದೊಡ್ಡ ಬೊಟ್ಟೊಂದು ಅಂಟಿತ್ತು, ಮೂಗಿನಿಂದ ಎರಡೇ ಬೆರಳು ಕೆಳಗೆ. ಅವನ ಮೂಗು ಒಂದಿಷ್ಟೂ ಸಿಂಡರಿಸಿರಲಿಲ್ಲ.

"ಕೆಳಗಿಳೀರಿ," ಎಂದಳು.

"ಯಾಕೆ?"

"ಇಳೀರಿ ಅಂದೆ."

ಆಗಲೇ ಮಗ ಹಜಾರದಿಂದ ಕೂಗಿದ: "ಅಪ್ಪ, ನಾತ ಆ ರೂಮಿಂದಲೇ ಬರ್ತಿರೋದು. ಇಲಿ ಅಲ್ಲೇ ಇರಬೇಕು, ನೋಡಿ."

ಮೇಸ್ತ್ರಿ ಹೆಂಡತಿಯನ್ನು ನೋಡಿದ, ಡಬ್ಬವನ್ನು ನೋಡಿದ. ಮೆಲ್ಲಗೆ ಇಳಿದು ಬಂದು, ಡಬ್ಬವನ್ನು ಎರಡು ಕೈಯಲ್ಲಿ ಎತ್ತಿ ಮುಖಕ್ಕೆ ಹಿಡಿದು ಎದೆ ತುಂಬ ಉಸಿರು ಎಳೆದುಕೊಂಡ. ಇನ್ನೊಮ್ಮೆ ಎಳೆದುಕೊಂಡ.

"ಕೆಟ್ಟಿದೆಯಾ?" ಎಂದು ಕೇಳಿದ.

ಗೋಡೆ ತೊಳೆಯಲು ಇಬ್ಬರೇ ನಿಂತರು. ಉಳಿದವರು ಒಳಗೆ ಬರಲಾಗದೆ ಹೊರಗೆ ಬ್ರೆಡ್ಡು ತಿನ್ನುತ್ತ ಕೂತಿದ್ದರು. ಸೂಜಿಯಮ್ಮ ಮೂಗಿಗೆ ಕರ್ಪೂರದೆಣ್ಣೆ ಹಚ್ಚಿದ ಬಟ್ಟೆ ಕಟ್ಟಿಕೊಂಡಿದ್ದಳು, ಅವನಿಗೆ ಬೇಕಿರಲಿಲ್ಲ.

"ಯಾವಾಗಿಂದ?" ಎಂದಳು.

"ಗೊತ್ತಿಲ್ಲ. ಒಂದೇ ದಿನ ಹೋಗಿದ್ದಲ್ಲ. ಬಣ್ಣ ತೆಳು ಮಾಡೋ ಥಿನ್ನರು, ಟರ್ಪಂಟೈನು, ಬಾಗಿಲು ಮುಚ್ಚಿದ ರೂಮು. ಒಂದೊಂದೇ ವಾಸನೆ ಹೋಯ್ತು. ಮೊದಲು ಸೋಪು ಹೋಯ್ತು, ಆಮೇಲೆ ಊಟ."

"ಅವತ್ತು ಅಕ್ಕ ಬಂದಾಗ?"

ಅವನು ಗೋಡೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಮೂಗಿಟ್ಟು ನೋಡಿದ್ದು ನಿಜ. ಏನೂ ಬರಲಿಲ್ಲ. ಒಣಗಿದೆ ಅಂದ್ಕೊಂಡೆ. ಆಸ್ಪತ್ರೇಲಿ ಕೂತಿದ್ದಾಗ ಗೊತ್ತಾಯ್ತು, ಒಣಗಿದ್ದು ಗೋಡೆ ಅಲ್ಲ, ನಾನು ಅಂತ."

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು? ಎರಡು ವರ್ಷ ನಿಮ್ಮನ್ನ ಸುಳ್ಳುಗಾರ ಅಂದ್ಕೊಂಡು ಅನ್ನ ಹಾಕಿದೀನಿ."

"ಸುಳ್ಳುಗಾರನಿಗೆ ಕೆಲಸ ಕೊಡೋರಿದಾರೆ. ಮೂಗು ಕೆಡಿಸಿಕೊಂಡ ಮೇಸ್ತ್ರಿಗೆ ಯಾರು ಕೊಡ್ತಾರೆ?" ಎಂದ. ಒದ್ದೆ ಬಟ್ಟೆ ಹಿಂಡುತ್ತ, "ನಿನಗಾದರೂ ಹೇಳಬೇಕಿತ್ತು," ಎಂದ.

"ಹೇಳಬೇಕಿತ್ತು," ಎಂದಳು ಸೂಜಿಯಮ್ಮ. ಬಕೆಟಿನ ನೀರು ಚೆಲ್ಲಿ ಹೊಸ ನೀರು ತಂದಳು. "ಈಗ ಎಲ್ಲರಿಗೂ ನೀವೇ ಹೇಳಿ. ನಾನು ಹೇಳಲ್ಲ. ಆಮೇಲೆ ಹೊಸ ಹಾಲು ತರೋಣ. ಮೂಗು ಹೋದರೆ ಹೋಗಲಿ, ಮನೇಲಿ ಇನ್ನೂ ನಾಲ್ಕು ಮೂಗಿದೆ. ಬಣ್ಣ ನೋಡೋ ಕಣ್ಣು ಇರೋದು ನಿಮಗೊಬ್ಬರಿಗೇ."

ಅಂದಿನ ಊಟಕ್ಕೆ ಆಲೂಗಡ್ಡೆ ಬೇಯಿಸಿದ್ದಳು. ಮೇಸ್ತ್ರಿ ತಟ್ಟೆ ನೋಡುತ್ತಲೇ ಮೂಗಿನ ವಿಷಯ ಹೇಳಿದ.

"ಅದಕ್ಕೇ ಅವತ್ತು ಸುಟ್ಟ ಬೇಳೆ ಎರಡು ಸಲ ಹಾಕಿಸ್ಕೊಂಡ್ರಿ," ಎಂದಳು ಮೊಮ್ಮಗಳು.

"ನಿಮ್ಮಜ್ಜಿ ಕೋಪದಲ್ಲಿದ್ದಳು. ಹೊಟ್ಟೆ ತುಂಬ ತಿಂದರೆ ಸಮಾಧಾನ ಆಗ್ತಾಳೆ ಅಂತ."

ಮಗ ನಕ್ಕ, ಅವನ ಹಿಂದೆ ಎಲ್ಲರೂ ನಕ್ಕರು, ಕೊನೆಗೆ ಸೂಜಿಯಮ್ಮನೂ. ಸೊಸೆ ಮಾತ್ರ ಬೇಗ ನಗು ಮುಗಿಸಿದಳು. "ಮಾವ, ಇನ್ಮೇಲೆ ನೀವೊಬ್ಬರೇ ಇದ್ದಾಗ ಒಲೆ ಹಚ್ಚಬೇಡಿ. ಗ್ಯಾಸ್ ಸೋರಿದರೆ ನಿಮಗೆ ಗೊತ್ತಾಗಲ್ಲ. ಮೂಗಿನ ಡಾಕ್ಟರ ಹತ್ತಿರ ನಾನೇ ಕರ್ಕೊಂಡು ಹೋಗ್ತೀನಿ. ಬೇಡ ಅನ್ನೋ ಹಾಗಿಲ್ಲ."

"ಆಯ್ತಮ್ಮ," ಎಂದ ಮೇಸ್ತ್ರಿ. ಸೊಸೆಗೆ ಅವನು ಅಷ್ಟು ಬೇಗ ಒಪ್ಪಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಇನ್ನು ಯಾವ ಬಣ್ಣ ಎಂಬ ಜಗಳ. ಬೆಳಗಿನ ಚಹಾದ ಜೊತೆ ಶುರುವಾದದ್ದು ಸಂಜೆಯ ಪಾತ್ರೆ ತೊಳೆಯುವವರೆಗೆ ನಡೆಯುತ್ತಿತ್ತು. ಮೊಮ್ಮಗಳಿಗೆ ನೇರಳೆ ಬೇಕು. ಸೊಸೆಗೆ ಕಣ್ಣಿಗೆ ತಂಪಾದ ಎಳೆಹಸಿರು. ಮಗ ಬಿಳಿ ಎಂದ; ಕೇಳಿದರೆ, "ಬಿಳಿ ಆದರೆ ಮುಂದೆ ಜಗಳ ಇರಲ್ಲ," ಎಂದ.

ಮೇಸ್ತ್ರಿ ಯಾರಿಗೂ ಎದುರಾಡದೆ ಹೋಗಿ ಅಕ್ಕನ ಹೊದಿಕೆ ತಂದ. ಕಂದು ಉಣ್ಣೆ, ಅಂಚಿನಲ್ಲಿ ಮಾಸಿದ ಇಟ್ಟಿಗೆಗೆಂಪಿನ ಪಟ್ಟಿ. ಅದನ್ನು ಕೋಣೆಯ ಮಂಚದ ಮೇಲೆ ಹಾಸಿ, ಹಲಗೆಯ ತುಂಡುಗಳಿಗೆ ಬೇರೆ ಬೇರೆ ಮಣ್ಣು ಕಲಸಿದ ಹಾಲುಸುಣ್ಣ ಬಳಿದು ಪಕ್ಕ ನಿಲ್ಲಿಸಿದ. ಹಸಿ ಇದ್ದಾಗ ಕಡುವಾಗಿದ್ದ ಬಣ್ಣ ಒಣಗಿ ತೆಳುವಾಗುವವರೆಗೂ ಕಾದ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ದೀಪ ಹಾಕಿ ಒಮ್ಮೆ ನೋಡಿದ. ಎರಡು ದಿನ ಹೀಗೇ ನಡೆಯಿತು.

"ಇದೇನು ತಾತ, ಮದುವೆಗೆ ಹೆಣ್ಣು ನೋಡೋ ಹಾಗೆ ನೋಡ್ತೀರಿ."

"ಬಣ್ಣ ಅಂದರೆ ಒಟ್ಟಿಗೆ ಬಾಳೋ ವಿಷಯಾನೇ," ಎಂದ ಅವನು. "ಈ ಕೋಣೆಗೆ ಬಿಸಿಲು ಬರಲ್ಲ, ಬರೀ ತಣ್ಣನೆ ಬೆಳಕು. ಎಳೆಹಸಿರು ಹಾಕಿದರೆ ಮಲಗಿದೋರ ಮುಖ ಕಾಯಿಲೆಯೋರ ಹಾಗೆ ಕಾಣತ್ತೆ. ನೇರಳೆ ಹಾಕಿದರೆ ಹೊದಿಕೆ ಕೊಳಕಾಗಿ ಕಾಣತ್ತೆ. ಈ ಕೋಣೆಗೆ ಮೊದಲು ಬಂದಿರೋದು ಹೊದಿಕೆ. ಅದರ ಜೊತೆ ಜಗಳ ಆಡದ ಬಣ್ಣ ಬೇಕು."

"ಹಾಗಾದರೆ ಬಿಳಿ," ಎಂದ ಮಗ.

"ನೀನು ಬಸ್ಸು ನೋಡ್ಕೋ."

ಕೊನೆಗೆ ಗೋಡೆಗೆ ಹಳದಿ ಮಣ್ಣು, ಅದೂ ಹಾಲಿನಲ್ಲಿ ತೇಲಿಸಿದಷ್ಟು ತೆಳುವಾಗಿ. ಕಿಟಕಿ ಬಾಗಿಲ ಚೌಕಟ್ಟಿಗೆ ಅದೇ ಹಳದಿಗೆ ಕಾವಿ ಬೆರೆಸಿ, ಹೊದಿಕೆಯ ಅಂಚಿಗೆ ಸರಿಹೊಂದುವ ಹದ. ಸೂರಿಗೆ ಹಾಲಿನ ಬಿಳಿ; ಆದರೆ ಅದಕ್ಕೂ ಒಂದು ಚಿಟಿಕೆ ಹಳದಿ ಮಣ್ಣು ಹಾಕಿದ.

"ಅದ್ಯಾಕೆ? ಕಾಣೋದೇ ಇಲ್ಲವಲ್ಲ," ಎಂದಳು ಸೊಸೆ.

"ಕಾಣಬಾರದು. ಇಲ್ಲದಿದ್ದರೆ ಬೇರೆ ಮನೆಯ ಸೂರು ತಂದು ಇಟ್ಟ ಹಾಗಿರತ್ತೆ. ಎಲ್ಲದರಲ್ಲೂ ಒಂದೇ ಮಣ್ಣು ಸ್ವಲ್ಪ ಸ್ವಲ್ಪ ಇದ್ದರೆ ಒಂದೇ ಮನೆಯೋರು ಅನ್ನಿಸತ್ತೆ."

ಈ ಸಲ ಕಲಸಿದ್ದನ್ನು ಆಯಾ ದಿನವೇ ಮುಗಿಸಿದರು. ಸಂಜೆ ತಳದಲ್ಲಿ ಉಳಿದದ್ದನ್ನು ಸೂಜಿಯಮ್ಮ ತಾನೇ ಎತ್ತಿ ಹಿತ್ತಿಲ ಗುಂಡಿಗೆ ಸುರಿದಳು. ಚೆಲ್ಲುವುದನ್ನು ನೋಡಲಾರದೆ ಮೇಸ್ತ್ರಿ ಮುಖ ತಿರುಗಿಸಿಕೊಂಡ. ಚೌಕಟ್ಟು ಮುಗಿದ ದಿನ ಅವನ ಕೈ ಅಭ್ಯಾಸಬಲದಿಂದ ಕಪಾಟಿನ ಕಡೆ ಹೋಯಿತು. "ಬಾಗಿಲಿಗೆ ಮೇಲೊಂದು ಕೈ ವಾರ್ನಿಶು. ಬರೀ ಮಣ್ಣು ನೋಡೋಕೆ ಬತ್ತಲೆ ಬತ್ತಲೆ."

ಸೂಜಿಯಮ್ಮ ಕಪಾಟಿನ ಮುಂದೆ ಬಂದು ನಿಂತಳು. ಅವನು ಅವಳನ್ನು ನೋಡಿ, ಕೈ ಹಿಂದೆಗೆದುಕೊಂಡು, ಮಗನನ್ನು ಕರೆದ. "ಈ ಡಬ್ಬ ಎಲ್ಲ ತಗೊಂಡು ಹೋಗಿ ಬಣ್ಣದ ಕಸ ತಗೊಳ್ಳೋ ಕಡೆ ಕೊಟ್ಟು ಬಾ. ಚರಂಡಿಗೆ ಸುರೀಬೇಡ. ನಾನು ನೋಡ್ತಾ ನಿಂತರೆ ಕೊಡೋಕಾಗಲ್ಲ, ನಾನು ಒಳಗಿರ್ತೀನಿ."

ಕೋಣೆಯನ್ನು ಮೂಸುವ ಕೆಲಸ ಮೊಮ್ಮಗಳಿಗೆ ಬಂತು. ಕಿಟಕಿ ಬಾಗಿಲು ಮುಚ್ಚಿ ಅಲ್ಲೇ ಮಲಗಿ ಎದ್ದು ಬಂದು, ಎಲ್ಲರೂ ಚಹಾ ಲೋಟ ಹಿಡಿದು ಕಾಯುತ್ತಿರುವಾಗ ನಿಧಾನವಾಗಿ ಆಕಳಿಸಿದಳು.

"ಹೇಳೇ," ಎಂದಳು ಅಜ್ಜಿ.

"ಮಳೆ ನಿಂತಮೇಲೆ ಗೋಡೆ ಹೇಗಿರತ್ತೋ ಹಾಗಿದೆ. ಅಷ್ಟೇ." ಲೋಟ ಎತ್ತಿಕೊಂಡಳು. "ಆದರೆ ನನ್ನದೊಂದು ಮಾತು. ಆ ರೂಮಲ್ಲಿ ಎರಡು ಮಂಚ ಹಿಡಿಯತ್ತೆ, ಅಳತೆ ಮಾಡಿದೀನಿ. ದೊಡ್ಡಜ್ಜಿ ಗೊರಕೆ ಹೊಡೀತಾರಾ?"

"ಉಬ್ಬಸದೋರದ್ದು ಗೊರಕೆ ಅಲ್ಲ, ಸಿಳ್ಳೆ."

"ಸಿಳ್ಳೆ ಆದರೆ ಪರವಾಗಿಲ್ಲ."

ಸೂಜಿಯಮ್ಮ ಅವಸರಪಡಲಿಲ್ಲ. ಇನ್ನಷ್ಟು ದಿನ ಕಿಟಕಿ ತೆರೆದಿಟ್ಟಳು, ಸೊಸೆಯನ್ನು ಮಲಗಿಸಿದಳು, ತಾನೂ ಮಲಗಿ ನೋಡಿದಳು. ಆಮೇಲೆ ಒಂದು ಮಧ್ಯಾಹ್ನ ಊಟದ ಮೇಜು ಒರೆಸಿ, ಗುಂಡಿಯ ಡಬ್ಬ ತಂದು, ಮಡಚಿದ ಹಳೆಯ ಹಾಳೆಗಳನ್ನೆಲ್ಲ ಒಲೆಯ ಪಕ್ಕ ಇಟ್ಟು, ಹೊಸ ಹಾಳೆ ತೆಗೆದಳು. ಈ ಸಲ ಕೈ ನಿಲ್ಲಲಿಲ್ಲ. ಕೋಣೆ ಯಾವುದು, ಮಂಚ ಎಲ್ಲಿದೆ, ಪಕ್ಕದ ಮಂಚ ಯಾರದು ಎಂದು ಬರೆದಳು. ಗಂಡನ ಮೂಗಿನ ವಿಷಯ ಬರೆಯುವ ಮುಂಚೆ ತಲೆ ಎತ್ತಿ ಅವನನ್ನು ನೋಡಿದಳು.

"ಬರೆ," ಎಂದ ಮೇಸ್ತ್ರಿ. "ಸುಳ್ಳು ಹೇಳಲಿಲ್ಲ ಅಂತ ಬರೀಬೇಡ. ಗೊತ್ತಾಗಲಿಲ್ಲ ಅಂತ ಬರೆ. ಗೊತ್ತಾದಮೇಲೂ ಸುಮ್ಮನಿದ್ದ ಅಂತಲೂ ಬರೆ."

ಅವಳು ಹಾಗೆಯೇ ಬರೆದಳು. ಬರೆದು ಓದಿ ಹೇಳಿದಳು. ಮೇಸ್ತ್ರಿ ತಲೆ ಅಲ್ಲಾಡಿಸಿದ.

"ಇಷ್ಟಕ್ಕೆ ಅವರು ಬರಲ್ಲ."

"ಇನ್ನೇನು ಬೇಕು?"

"ಒಂದು ಸಲ ಮಾತು ಕೇಳಿ ಆಸ್ಪತ್ರೆ ಸೇರಿದೋರು. ನನ್ನ ಮಾತಾದರೇನು, ನಿನ್ನ ಮಾತಾದರೇನು? ಮಾತು ಕಳಿಸಬೇಡ. ಕೋಣೆ ಕಳಿಸು."

ಅವನು ಎದ್ದು ಹೋಗಿ ಕಿಟಕಿಯ ಹಲಗೆಯ ಮೇಲಿಂದ ಒಂದು ರಟ್ಟಿನ ಪಟ್ಟಿ ತಂದ, ಅಂಗೈಯಷ್ಟು ಅಗಲದ್ದು. ಗೋಡೆಗೆ ಹೊಡೆದ ದಿನವೇ ಅದಕ್ಕೂ ಹೊಡೆದಿದ್ದ, ಗೋಡೆಯ ಜೊತೆಗೇ ಒಣಗಲು ಬಿಟ್ಟಿದ್ದ. ಮುಕ್ಕಾಲು ಹಾಲುಹಳದಿ, ಅಂಚಿನಲ್ಲಿ ಕಾವಿಯ ಗೆರೆ.

ಸೂಜಿಯಮ್ಮ ಅದನ್ನು ಮೂಗಿನ ಹತ್ತಿರ ಹಿಡಿದಳು. ಸ್ವಲ್ಪ ಸುಣ್ಣ, ಸ್ವಲ್ಪ ಮಣ್ಣು. ಡೈರಿಯ ಹಿಂದಿನ ಆ ಪುಟ್ಟ ಕೋಣೆ, ಅಲ್ಲಿ ತಂಗಿಗೆ ಹೊದಿಸಿ ತಾನು ಹೊದಿಕೆಯಿಲ್ಲದೆ ಮಲಗುತ್ತಿದ್ದ ಅಕ್ಕ. ಅವಳು ಪೆನ್ನು ತೆಗೆದುಕೊಂಡು ಕೊನೆಯ ಸಾಲು ಬರೆದಳು:

ನಮ್ಮಲ್ಲಿ ಯಾರು ಹೇಳಿದ್ದನ್ನೂ ನಂಬಬೇಡ. ಈ ರಟ್ಟನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗು. ಉಸಿರು ಸರಿಯಾಗಿದ್ದರೆ ಬಾ. ಹೊದಿಕೆ ಒಗೆದಿಟ್ಟಿದ್ದೇನೆ.

ಲಕೋಟೆ ದಪ್ಪವಾಯಿತು. ಅಂಟು ಹಿಡಿಯಲಿಲ್ಲವೆಂದು ಮೇಸ್ತ್ರಿ ಅಡುಗೆಮನೆಯಲ್ಲಿ ಅಂದಿನ ಹಾಲನ್ನು ಒಂದಿಷ್ಟು ಒಡೆಸಿ, ಸುಣ್ಣ ಕಲಸಿ, ಒಂದು ಬೆರಳು ಅಂಟು ತಂದು ಸವರಿ ಒತ್ತಿದ. ಇಬ್ಬರೂ ಚಪ್ಪಲಿ ಮೆಟ್ಟಿ ಬೀದಿಯ ತಿರುವಿನ ಅಂಚೆಪೆಟ್ಟಿಗೆಯವರೆಗೆ ನಡೆದರು. ಪೆಟ್ಟಿಗೆಯ ಬಾಯಿ ಕಿರಿದು. ಲಕೋಟೆ ಅರ್ಧಕ್ಕೆ ಸಿಕ್ಕಿಕೊಂಡಿತು. ಎರಡು ವರ್ಷ ಕೈಯಲ್ಲೇ ಉಳಿದದ್ದನ್ನು ಸೂಜಿಯಮ್ಮ ಅಂಗೈಯಿಂದ ಬಲವಾಗಿ ಒಳಕ್ಕೆ ತಳ್ಳಿದಳು. ಅದು ತಳದಲ್ಲಿ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು.

"ಅಡುಗೆಮನೆ ಯಾವಾಗ ಶುರು?" ಎಂದಳು ತಿರುಗಿ ನಡೆಯುತ್ತ.

"ನಾಳೆ," ಎಂದ ಮೇಸ್ತ್ರಿ. "ಮೊದಲು ಆ ಆಸ್ಪತ್ರೆ ಹಸಿರು ತೆಗೀಬೇಕು."